ಕಳೆ ಕೀಳದ ಮೂರು ತಾಕು

ಜುಲೈ 20, 1997. ಹೊಂಗಡಹಳ್ಳ

ಅಂತೂ ಹನ್ನೆರಡು ತಾಕಿನ ಬದು ಕಟ್ಟಿ ಮುಗಿಯಿತು. ಒಂದೊಂದು ತಾಕು ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ಟೇಪು ಹಿಡಿದು ಅಳೆಯುವಾಗ ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ರಂಗಸ್ವಾಮಿಯವರ ಈ ಗದ್ದೆ ಬಿಸಿಲೆ ರಸ್ತೆಗೆ ಅಂಟಿಕೊಂಡೇ ಇದೆ, ಬಸ್ಸಿನಲ್ಲಿ ಕೂತವರಿಗೂ ನನ್ನ ಕೃಷಿ ಎಂ.ಎಸ್ಸಿ. ಪ್ರಯೋಗ ಕಾಣುತ್ತದೆ. ಯಾರೋ ಒಬ್ಬ, "ಏನ್ರೀ, ಗದ್ದೆ ಪಾಲಾಯ್ತಾ?" ಎಂದು ಕೇಳಿಯೂಬಿಟ್ಟ.

ನನ್ನ ಪ್ರಶ್ನೆ ಇಷ್ಟೇ. ಕಳೆನಾಶಕ ಹಾಕಿದರೆ ಭತ್ತ ಎಷ್ಟು ಸಾರಜನಕ ಹೀರಿಕೊಳ್ಳುತ್ತದೆ? ಔಷಧಿಯೇ ಪೈರಿನ ಬೇರಿಗೆ ಪೆಟ್ಟು ಕೊಡುತ್ತದೋ, ಅಥವಾ ಕಳೆ ಸತ್ತು ಆ ಪಾಲೂ ಪೈರಿಗೇ ಸಿಗುತ್ತದೋ? ಅದಕ್ಕೆ ನಾಲ್ಕು ಬಗೆ. ಮೂರು ತಾಕಿಗೆ ನಾಟಿಯಾದ ಕೂಡಲೇ, ಕಳೆ ಮೊಳೆಯದಂತೆ ತಡೆಯುವ ಬ್ಯುಟಾಕ್ಲೋರ್. ಮೂರಕ್ಕೆ ಇಪ್ಪತ್ತೈದನೇ ದಿನ, ಮೊಳೆತ ಕಳೆಯನ್ನು ಸುಡುವ ಟೂ-ಫೋರ್-ಡಿ. ಮೂರರಲ್ಲಿ ಕೈಯಿಂದ ಎರಡು ಸಲ ಕಳೆ ಕೀಳಿಸುವುದು. ಕೊನೆಯ ಮೂರರಲ್ಲಿ ಕಳೆ ಮುಟ್ಟುವಂತೆಯೇ ಇಲ್ಲ.

ಈ ಕೊನೆಯದನ್ನು ರಂಗಸ್ವಾಮಿಯವರ ತಾಯಿ ಮಾದೇವಮ್ಮನವರಿಗೆ ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು.

"ಕಳೆ ಹಂಗೇ ಬುಡೋದಾ? ರಸ್ತೆ ಪಕ್ಕದಾಗಾ?"

"ಹೌದಮ್ಮ. ಕಳೆ ಎಷ್ಟು ಗೊಬ್ಬರ ತಿನ್ನುತ್ತೆ ಅಂತ ಗೊತ್ತಾಗ್ಬೇಕು."

"ತಿಂತದೆ ಅಂತ ನಾನೇ ಹೇಳ್ತೀನಲ್ಲ ಮಗಾ. ಅದ್ಕೆ ಎರಡು ವರ್ಷ ಓದ್ಬೇಕಾ?"

ಎಷ್ಟು ತಿನ್ನುತ್ತದೆ ಎಂದು ಇವರಿಗೆ ಬೇಡ, ನನಗೆ ಬೇಕು. ಈ ಮೂರು ತಾಕು ಇಲ್ಲದಿದ್ದರೆ ಉಳಿದ ಒಂಬತ್ತನ್ನು ಯಾವುದಕ್ಕೆ ಹೋಲಿಸಲಿ? ವಾದ ಮಾಡಲಿಲ್ಲ. ಇವರ ಮನೆಯ ಹೊರಗಿನ ಕೋಣೆಯಲ್ಲೇ ನನ್ನ ವಾಸ. ನಾವು ಮಾಂಸ ಮುಟ್ಟದವರು ಎಂದು ನನಗಾಗಿ ಹೊಸ ಪಾತ್ರೆ ಎರಡು ತಂದಿಟ್ಟಿದ್ದಾರೆ. ಅಂಥವರ ಹತ್ತಿರ ಜಗಳ ಬೇಡ.

ಜುಲೈ 28

ನಾಟಿ 24ಕ್ಕೆ ಆಯಿತು. ಇವತ್ತು ಬ್ಯುಟಾಕ್ಲೋರನ್ನು ಮರಳಿಗೆ ಕಲಸಿ ಎರಚಿಸಿದೆ. ಎರಚಿದವನು ಗಿಡ್ಡಯ್ಯ, ಇಲ್ಲಿನ ಎಸ್ಟೇಟುಗಳಲ್ಲೆಲ್ಲ ಪಂಪು ಹೊತ್ತು ಔಷಧಿ ಹೊಡೆಯುವವನು. ಕೈ ಚೆನ್ನಾಗಿದೆ, ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಡಿಮೆಯಿಲ್ಲ. ಆದರೆ ಎಲ್ಲದಕ್ಕೂ ಪ್ರಶ್ನೆ ಕೇಳುತ್ತಾನೆ. ಉತ್ತರ ಹೇಳಿದರೆ ಅದರ ಮೇಲೆ ಇನ್ನೊಂದು.

ರಂಗಸ್ವಾಮಿಯವರು ನೋಡುತ್ತಾ ನಿಂತಿದ್ದವರು, "ಇಷ್ಟಕ್ಕೇ ಕಳೆ ಬರಲ್ವಾ ಮೇಡಂ?" ಎಂದು ಕೇಳಿ, ಮಧ್ಯಾಹ್ನವೇ ಸಕಲೇಶಪುರಕ್ಕೆ ಹೋಗಿ ತಮ್ಮ ಉಳಿದ ಒಂದೂವರೆ ಎಕರೆಗೂ ಅದನ್ನೇ ತಂದುಬಿಟ್ಟರು. ನನಗೆ ಒಳಗೊಳಗೇ ಖುಷಿಯಾಯಿತು. ಇನ್ನೂ ಪ್ರಯೋಗವೇ ಆಗಿಲ್ಲ, ಆಗಲೇ ಒಬ್ಬ ಅನುಯಾಯಿ.

ಆಗಸ್ಟ್ 13

ಇಪ್ಪತ್ತನೇ ದಿನ. ಕಬ್ಬಿಣದ ಚೌಕಟ್ಟು ಎಸೆದು, ಅದರೊಳಗೆ ಬಿದ್ದ ಕಳೆಯನ್ನೆಲ್ಲ ಜಾತಿವಾರು ಎಣಿಸುವ ಕೆಲಸ. ಬೆನ್ನು ನೆಟ್ಟಗಾಗುತ್ತಿಲ್ಲ.

ಬ್ಯುಟಾಕ್ಲೋರ್ ತಾಕುಗಳಲ್ಲಿ ಕಳೆ ಇಲ್ಲ, ಆದರೆ ಪೈರು ತುಸು ಕುಳ್ಳು, ಎಲೆಗೆ ಹಳದಿ ಛಾಯೆ. ಯೂರಿಯಾ ಎಲ್ಲ ತಾಕಿಗೂ ಒಂದೇ ಅಳತೆಯಲ್ಲಿ ಬಿದ್ದಿದೆ. ಬೇರು ಸ್ವಲ್ಪ ಸೊರಗಿ ಗೊಬ್ಬರ ಎಳೆಯಲಾರದೆ ಒದ್ದಾಡುತ್ತಿರಬೇಕು. ಇದೇ, ಇದನ್ನೇ ನೋಡಬೇಕಾಗಿತ್ತು! ನಲವತ್ತೈದು ದಿನಕ್ಕೆ ಚೇತರಿಸಿಕೊಂಡರೆ ಒಂದು ಅಧ್ಯಾಯ, ಚೇತರಿಸಿಕೊಳ್ಳದಿದ್ದರೆ ಎರಡು ಅಧ್ಯಾಯ.

ಕಳೆ ಬಿಟ್ಟ ತಾಕುಗಳು ರಾಜನ ಹಾಗೆ ಬೆಳೆದಿವೆ. ಹುಲ್ಲು, ಜೇಕು, ಅಗಲ ಎಲೆಯವು, ಭತ್ತ ಎಲ್ಲಿ ಎಂದು ಹುಡುಕಬೇಕು. ಗಿಡ್ಡಯ್ಯನ ಹೆಂಡತಿ ಹುಲಿಯಮ್ಮ ಬದುವಿನ ಮೇಲೆ ನಿಂತು, "ಮಾದೇವಮ್ಮಾರ ಗದ್ದೆಗೆ ಎಂಥಾ ಗತಿ ಬಂತು" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮಾದೇವಮ್ಮ ಆಗಿನಿಂದ ರಸ್ತೆ ಕಡೆ ಮುಖ ಮಾಡಿಯೇ ನಿಲ್ಲುತ್ತಿಲ್ಲ. ಅವರ ಮಾನ ಹೋದರೆ ಹೋಗಲಿ, ನನ್ನ ಪ್ರಬಂಧ ಮೇ ತಿಂಗಳಿಗೆ ಮುಗಿಯಬೇಕು. ವಿದ್ಯಾರ್ಥಿವೇತನ ಅಲ್ಲಿಗೆ ನಿಲ್ಲುತ್ತದೆ. ಓದು ಮುಗಿಸಲು ಅಪ್ಪ ಕೊಟ್ಟಿರುವ ಗಡುವೂ ಅದೇ. ಮತ್ತೊಂದು ಮಳೆಗಾಲ ನನಗಿಲ್ಲ.

ಆಗಸ್ಟ್ 17

ನಿನ್ನೆಯಿಂದ ಜ್ವರ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದೆ. ನಾಳೆ ಟೂ-ಫೋರ್-ಡಿ ಹೊಡೆಯಲೇಬೇಕು.

ಗಿಡ್ಡಯ್ಯನನ್ನು ಕರೆಸಿ, ಕಂಬಳಿ ಹೊದ್ದುಕೊಂಡೇ ಗದ್ದೆಗೆ ಹೋಗಿ ತೋರಿಸಿದೆ. ಕೆಂಪು ಬಟ್ಟೆ ಕಟ್ಟಿದ ಕೋಲು ಇರುವ ಮೂರು ತಾಕು ಮಾತ್ರ. ಬೇರೆ ಯಾವುದಕ್ಕೂ ಒಂದು ಹನಿ ಬೀಳಬಾರದು. ಗಾಳಿ ಇದ್ದರೆ ಹೊಡೆಯಬಾರದು.

"ಪೈರು ಸಾಯಾಕಿಲ್ವಾ ಅಮ್ಮೋರೆ?"

"ಇಲ್ಲ. ಇದು ಅಗಲ ಎಲೆಯದನ್ನೂ ಜೇಕನ್ನೂ ಸುಡುತ್ತೆ. ಹುಲ್ಲಿನ ಜಾತಿ ಮುಟ್ಟಲ್ಲ. ಭತ್ತವೂ ಹುಲ್ಲೇ."

"ಹಂಗಾರೆ ಹುಲ್ಲು ಕಳೆನೂ ಉಳ್ಕೊಳ್ತದಲ್ಲ?"

"ಉಳ್ಕೊಳ್ಳುತ್ತೆ. ಅದೆಲ್ಲ ನಿನಗ್ಯಾಕೆ? ಹೇಳಿದಷ್ಟು ಮಾಡು."

ಬೆಳಿಗ್ಗೆ ಮೊದಲನೇ ಬಸ್ಸಿಗೆ ಆಲೂರಿನ ನಮ್ಮ ಮನೆಗೆ ಹೋಗುತ್ತೇನೆ. ಪ್ರಯೋಗದ ಜಾಗ ಬಿಟ್ಟು ಹೋಗುವಂತಿಲ್ಲ, ಹೋದರೆ ತಿಳಿಸಿಯೇ ಹೋಗಬೇಕು ಎಂದು ಗೈಡ್ ಬರೆಸಿಕೊಂಡಿದ್ದಾರೆ. ಎರಡು ದಿನದ ಮಾತು, ತಿಳಿಸುವುದೇನು.

ಆಗಸ್ಟ್ 31

ಹಾಳಾಯಿತು. ಎಲ್ಲ ಹಾಳಾಯಿತು.

ಎರಡು ದಿನ ಎಂದುಕೊಂಡ ಜ್ವರ ಟೈಫಾಯಿಡ್ ಆಗಿ ಹದಿಮೂರು ದಿನ ತಿಂದಿತು. ಅಮ್ಮ ಬಿಡಲಿಲ್ಲ. ಇವತ್ತು ಬಸ್ಸಿಳಿದವಳು ಮೊದಲು ಗದ್ದೆಗೇ ಹೋದೆ. ಕಳೆ ಬಿಟ್ಟಿದ್ದ ಮೂರು ತಾಕಿನಲ್ಲಿ ಕಳೆ ಇಲ್ಲ! ಮೂರಕ್ಕೆ ಮೂರೂ ಬೋಳು. ಭತ್ತ ಬಿಟ್ಟರೆ ಒಂದು ಎಸಳೂ ಇಲ್ಲ. ಭತ್ತವೂ ಹಳದಿಗೆ ತಿರುಗಿದೆ, ಔಷಧಿಯ ಪೆಟ್ಟು ತಿಂದ ಪೈರು ಹೇಗಿರುತ್ತದೋ ಹಾಗೆಯೇ.

ಗಿಡ್ಡಯ್ಯ ಹೊಡೆದುಬಿಟ್ಟಿದ್ದಾನೆ. ಪಂಪಿನಲ್ಲಿ ಉಳಿದದ್ದನ್ನು ಸುಮ್ಮನೆ ಚೆಲ್ಲುವುದೇಕೆ ಎಂದು ಇದಕ್ಕೂ ಹೊಡೆದಿದ್ದಾನೆ. ಬೇರೇನಿರಲು ಸಾಧ್ಯ?

ಬಸ್‌ ನಿಲ್ಲುವ ಕಡೆ ಟೀ ಅಂಗಡಿಯಲ್ಲಿ ಕೂತಿದ್ದ. ಎಸ್ಟೇಟಿನ ಆಳುಗಳ ಲೆಕ್ಕ ನೋಡುವ ರೈಟರ್ ವೀರಯ್ಯನವರೂ ಇದ್ದರು, ಇನ್ನೂ ಹತ್ತು ಹದಿನೈದು ಜನ ಇದ್ದರು. ನನಗೆ ಯಾರೂ ಕಾಣಲಿಲ್ಲ.

"ನಿನಗೆ ಕಣ್ಣಿಲ್ವಾ? ಕೆಂಪು ಬಟ್ಟೆ ಕಟ್ಟಿದ್ದು ಕಾಣಲಿಲ್ವಾ? ನನ್ನ ಎರಡು ವರ್ಷ ಮಣ್ಣು ಮಾಡಿಬಿಟ್ಟೆಯಲ್ಲ!"

"ನಾನು ಮೂರೇ ತಾಕಿಗೆ ಹೊಡ್ದಿದ್ದು ಅಮ್ಮೋರೆ. ಅದ್ನ ಮುಟ್ಟಿಲ್ಲ."

"ಮುಟ್ಟದೆ ಕಳೆ ತಾನೇ ಎದ್ದು ನಡೆದುಕೊಂಡು ಹೋಯ್ತಾ?"

ಯಾರೋ ನಕ್ಕರು. ಗಿಡ್ಡಯ್ಯ ಅರ್ಧ ಕುಡಿದ ಟೀ ಲೋಟ ಬೆಂಚಿನ ಮೇಲಿಟ್ಟು ಎದ್ದು ಹೋದ. ತಪ್ಪು ಮಾಡದವನು ಹಾಗೆ ಹೋಗುತ್ತಾನೆಯೇ? ಅವನ ಹತ್ತಿರ ಬಿಟ್ಟಿದ್ದ ನನ್ನ ಪಂಪನ್ನು ತಂದು ಕೋಣೆಯಲ್ಲಿ ಬೀಗ ಹಾಕಿಟ್ಟೆ.

ಮಾದೇವಮ್ಮ ಊಟಕ್ಕೆ ಕರೆದರು. ಬೇಡ ಎಂದೆ. ಬಾಗಿಲ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಸೆಪ್ಟೆಂಬರ್ 1

ಗೈಡ್‌ಗೆ ಪತ್ರ ಬರೆದೆ. "ಔಷಧಿ ಸಿಂಪಡಿಸುವವನ ಅಜಾಗರೂಕತೆಯಿಂದ" ಮೂರು ತಾಕು ಹಾಳಾಯಿತು ಎಂದು ಬರೆದೆ. ನಾನು ಇಲ್ಲಿರಲಿಲ್ಲ ಎಂದು ಬರೆಯಲಿಲ್ಲ.

ಕ್ಷೇತ್ರ ಪುಸ್ತಕದಲ್ಲಿ ಹದಿಮೂರು ದಿನದ ಮಳೆ ಅಳತೆ ಖಾಲಿ ಇತ್ತು. ತುಂಬಿದೆ. ಆಲೂರಿನಲ್ಲಿ ಮಳೆ ಬಂದ ದಿನ ಇಲ್ಲೂ ಬಂದಿರುತ್ತದೆ, ಸ್ವಲ್ಪ ಜಾಸ್ತಿಯೇ ಬಂದಿರುತ್ತದೆ. ಒಂದೇ ಪೆನ್ನಿನಲ್ಲಿ ಬರೆದರೆ ಗೊತ್ತಾಗುತ್ತದೆಂದು ಎರಡು ಪೆನ್ನು ಬಳಸಿದೆ.

ಸೆಪ್ಟೆಂಬರ್ 11

ಗೈಡ್‌ ಉತ್ತರ ಬಂತು. ಬೈಗುಳ ಇರುತ್ತದೆಂದು ಹೆದರಿ ಒಡೆದೆ. ಇಲ್ಲ. ಕೂಲಿಯವನ ಕಡೆಯಿಂದ ಆದ ಅವಘಡವಾದರೆ ಸಮಿತಿ ಒಪ್ಪುತ್ತದಂತೆ. ಆ ಮೂರು ತಾಕು ಕೈಬಿಟ್ಟು, ಅವಘಡದ ವರದಿ ಲಗತ್ತಿಸಿ, ಉಳಿದ ಒಂಬತ್ತರಲ್ಲೇ ಪ್ರಬಂಧ ಮುಗಿಸಬಹುದು. ಕೊನೆಯಲ್ಲಿ ಒಂದು ಸಾಲು: "ನೀನು ಸ್ಥಳದಲ್ಲಿ ಇಲ್ಲದಾಗ ಹೀಗಾಗಿದ್ದರೆ ಮಾತ್ರ ಇಡೀ ಪ್ರಯೋಗ ರದ್ದು. ಮುಂದಿನ ವರ್ಷ ಮತ್ತೆ ಹಾಕಬೇಕು. ನೀನು ಅಲ್ಲೇ ಇದ್ದೆಯಾದ್ದರಿಂದ ಆ ಪ್ರಶ್ನೆ ಬರುವುದಿಲ್ಲ."

ಬರುವುದಿಲ್ಲ. ಸರಿ. ಬದುಕಿದೆ.

ಸೆಪ್ಟೆಂಬರ್ 22

ಅರುವತ್ತನೇ ದಿನದ ಎಣಿಕೆ ಮುಗಿಸಿದೆ. ಬ್ಯುಟಾಕ್ಲೋರ್ ಪೈರು ಚೇತರಿಸಿಕೊಂಡು ಕಡು ಹಸಿರಾಗಿದೆ. ಟೂ-ಫೋರ್-ಡಿ ತಾಕಿನಲ್ಲಿ ಹುಲ್ಲು ಕಳೆ ಮಾತ್ರ, ಚೌಕಟ್ಟಿಗೆ ಮೂವತ್ತು, ಮೂವತ್ತೈದು. ಕೈಬಿಟ್ಟ ಮೂರು ತಾಕಿನ ಕಡೆ ಹೋಗುವುದೇ ಇಲ್ಲ. ನೋಡಿದರೆ ಮೈ ಉರಿಯುತ್ತದೆ.

ಊರಿನ ಹೆಂಗಸರು ನಾನು ಬಂದರೆ ಮಾತು ನಿಲ್ಲಿಸುತ್ತಾರೆ. ಮೊದಲು, "ಏನವ್ವ, ಎಷ್ಟು ಕಳೆ ಎಣಿಸ್ದೆ ಇವತ್ತು?" ಎಂದು ರೇಗಿಸುತ್ತಿದ್ದವರು. ಮಾದೇವಮ್ಮ ಮಾತ್ರ ಕೇಳದೆಯೇ ತುಪ್ಪ ಬಡಿಸುತ್ತಾರೆ, ಬಟ್ಟೆ ಒಗೆಯಲು ಬಿಡುವುದಿಲ್ಲ. ಹುಷಾರಿಲ್ಲದೆ ಬಡವಾಗಿದ್ದೇನೆ ಎಂದಿರಬೇಕು.

ವೀರಯ್ಯನವರು ದಾರಿಯಲ್ಲಿ ಸಿಕ್ಕಿದ್ದರು. "ಆ ಗಿಡ್ಡಯ್ಯನ್ನ ನಾನೂ ಬುಟ್ಟೆ ಕಣವ್ವ. ಕಣ್ಣು ಸರಿಯಿಲ್ದೋನ್ನ ಕಾಫಿ ಗಿಡದ ಮಧ್ಯೆ ಬುಟ್ರೆ ನಾಳೆ ಸಾವ್ಕಾರ್ರು ನನ್ನ ಕೇಳ್ತಾರೆ," ಎಂದರು. ತಮಗೆ ಉಪಕಾರ ಮಾಡಿದ್ದಕ್ಕೆ ಧನ್ಯವಾದ ಎಂಬಂತೆ ಹೇಳಿದರು. ನಾನು ತಲೆಯಾಡಿಸಿದೆ.

ಅಕ್ಟೋಬರ್ 13

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಸಾರಜನಕದ ಪರೀಕ್ಷೆಗೆ ಪೈರಿನ ಮಾದರಿ ಕೊಯ್ಯುವ ದಿನ. ಟೂ-ಫೋರ್-ಡಿ ತಾಕಿನಲ್ಲಿ ಕೂತು ಹುಲ್ಲು ಕಳೆ ಕಿತ್ತು ಕಾಗದದ ಚೀಲಕ್ಕೆ ತುಂಬುತ್ತಿದ್ದೆ. ಹುಲ್ಲು ಆಗಲೇ ತೆನೆ ಬಿಟ್ಟಿತ್ತು, ಚೀಲ ಸಾಲುತ್ತಿರಲಿಲ್ಲ. ತಲೆಯೆತ್ತಿದರೆ ಪಕ್ಕದಲ್ಲೇ ಆ ಕೈಬಿಟ್ಟ ತಾಕು. ಅದರಲ್ಲಿ ಹುಲ್ಲಿಲ್ಲ.

ಟೂ-ಫೋರ್-ಡಿ ಹುಲ್ಲನ್ನು ಮುಟ್ಟುವುದಿಲ್ಲ. ಡಿಗ್ರಿ ಎರಡನೇ ವರ್ಷದ ಪಾಠ. ನಾನೇ ಗಿಡ್ಡಯ್ಯನಿಗೆ ಹೇಳಿದ್ದೆ, ಅವನು ತಿರುಗಿ ಕೇಳಿಯೂ ಇದ್ದ. ಅವನು ಅಲ್ಲಿಗೆ ಹೊಡೆದಿದ್ದರೆ ಅಗಲ ಎಲೆ ಸತ್ತು ಹುಲ್ಲು ಇಮ್ಮಡಿಯಾಗಿ ನಿಲ್ಲಬೇಕಿತ್ತು. ಎಂಥ ದಡ್ಡಿ ನಾನು! ಊರಿಗೆಲ್ಲ ಪಾಠ ಹೇಳುವವಳು.

ಆ ತಾಕಿಗಿಳಿದು ಸಾಲಿನ ನಡುವೆ ಕೈ ಹಾಕಿದೆ. ಒಂದು ಗೇಣು ಆಳದಲ್ಲಿ ಸಿಕ್ಕಿತು, ಮುಷ್ಟಿ ಗಾತ್ರಕ್ಕೆ ಮಡಚಿ ಕೆಸರಿಗೆ ತುಳಿದ ಕಳೆಯ ಕಂತೆ, ಕೊಳೆತು ಕಪ್ಪಾಗಿತ್ತು. ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಇಲ್ಲಿನ ಹೆಂಗಸರು ಕಳೆ ಕಿತ್ತರೆ ಹೀಗೆಯೇ ತುಳಿಯುವುದು. ಆಗ ಪೈರು ಹಳದಿಯಾಗಿದ್ದೂ ಇದಕ್ಕೇ. ಹಸಿ ಕಳೆ ಕೊಳೆಯುವಾಗ ಮೊದಲು ಮಣ್ಣಿನ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ, ಆಮೇಲೆ ಬಿಟ್ಟುಕೊಡುತ್ತದೆ. ಈಗ ನೋಡಿದರೆ ಹನ್ನೆರಡರಲ್ಲಿ ಎಲ್ಲಕ್ಕಿಂತ ಹಸಿರು ಇವೇ ಮೂರು.

ಕೆಸರುಗೈಯಲ್ಲೇ ಮನೆಗೆ ಹೋದೆ. ಮಾದೇವಮ್ಮ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಕೈಯಲ್ಲಿದ್ದ ಕಂತೆ ನೋಡಿದ್ದೇ ಮೊರ ಕೆಳಗಿಟ್ಟರು.

"ಗೊತ್ತಾಯ್ತಾ ಮಗಾ," ಎಂದರು.

"ಯಾರಮ್ಮ ಕಿತ್ತಿದ್ದು?"

"ನಾವೇ. ನಾನು, ಹುಲಿಯಮ್ಮ, ಮ್ಯಾಲ್ಗಡೆ ಮನೆ ವಿಶಾಲಮ್ಮ, ಅವ್ಳ ಸೊಸೆ. ನೀನು ಜ್ವರ ಅಂತ ಹೋದ್ಯಲ್ಲ, ಅದಾಗಿ ಎಂಟು ದಿನಕ್ಕೆ."

"ಯಾಕೆ? ಮುಟ್ಟಬೇಡಿ ಅಂತ ಹೇಳಿದ್ದೆನಲ್ಲ!"

ಮಾದೇವಮ್ಮ ನಿಧಾನವಾಗಿ ಹೇಳಿದರು. ಈ ಮಳೆಗಾಲ ಇವರು ಆ ಹೆಂಗಸರ ಗದ್ದೆಗಳಿಗೂ ಕಳೆ ಕೀಳಲು ಹೋಗಿದ್ದಾರೆ. ಮುಯ್ಯಿ ಲೆಕ್ಕ. ನನ್ನ ಗದ್ದೆಗೆ ನೀನು ಒಂದು ದಿನ ಬಂದರೆ ನಿನ್ನ ಗದ್ದೆಗೆ ನಾನು ಒಂದು ದಿನ ಬರಬೇಕು. ಕಳೆಗೆ ಬಂದದ್ದು ಕಳೆಯಲ್ಲೇ ತೀರಬೇಕು, ಆ ವರ್ಷವೇ ತೀರಬೇಕು. ತೀರಿಸದವಳನ್ನು ಮುಂದಿನ ವರ್ಷ ಯಾರೂ ಕರೆಯುವುದಿಲ್ಲ.

"ಅವ್ರು ಮೂರ್ ಜನ ಬಂದು ನಿಂತ್ರು. ಎಲ್ಲಿ ಕಳೆ ತೋರ್ಸಲಿ? ನಿನ್ ಮಾತು ಕೇಳಿ ನಮ್ ರಂಗ ಎಲ್ಲಾ ಗದ್ದೆಗೂ ಔಷಧಿ ಹಾಕ್ಬುಟ್ಟವ್ನೆ, ಹುಡ್ಕುದ್ರೂ ಒಂದ್ ಕಳೆ ಇಲ್ಲ. ಮುಯ್ಯಿ ತೀರ್ಸಕ್ಕೆ ಬಂದೋರ್ನ ವಾಪಸ್ ಕಳ್ಸಕ್ಕಾಗ್ತದಾ? ಔಷಧಿ ಬೀಳ್ದೆ ಕಳೆ ಇದ್ದಿದ್ದು ನಿನ್ ಮೂರು ತುಂಡಲ್ಲೇ. ಒಂದು ತಿಂಗ್ಳು ಬುಟ್ಟಾಯ್ತಲ್ಲ, ಇವ್ಳು ನೋಡಾದು ನೋಡ್ಕಂಡಿರ್ತಾಳೆ, ಜ್ವರ ಬಿಟ್ಟು ಬರಾ ಹೊತ್ಗೆ ಗದ್ದೆ ಚಂದಾಗಿರ್ಲಿ ಅಂದ್ಕಂಡೆ. ಹುಲಿಯಮ್ಮ ಅಂತೂ ಒಂದು ಬೇರು ಬುಡ್ದಂಗೆ ಕಿತ್ಲು ಕಣವ್ವ."

"ನಾನು ಬಂದಾಗ ಹೇಳಬಾರದಿತ್ತಾ?"

"ನೀನು ಬಸ್ ಸ್ಟಾಂಡಲ್ಲಿ ಕೂಗಾಡಿದ್ದು ಇಲ್ಲೀಗಂಟ ಕೇಳ್ತು. ಎರಡು ವರ್ಷ ಮಣ್ಣಾಯ್ತು ಅಂದೆ. ಹೆಂಗಸ್ರೆಲ್ಲ ಹೆದರ್ಕಂಬುಟ್ರು. ನಂಗೂ ಬಾಯಿ ಬರ್ಲಿಲ್ಲ. ಇವತ್ ಹೇಳಾನ, ನಾಳೆ ಹೇಳಾನ ಅಂತ..."

"ಗಿಡ್ಡಯ್ಯನವರಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಹೆಂಡ್ತಿ ಬಂದಿದ್ಲಲ್ಲ."

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಮಾದೇವಮ್ಮ ಅಳುತ್ತಿದ್ದರು. ಮೊರ ಎಳೆದುಕೊಂಡು ಉಳಿದ ಅವರೆಕಾಯಿ ನಾನೇ ಬಿಡಿಸಿದೆ. ಕೈ ತೊಳೆದಿರಲಿಲ್ಲ, ಕಾಳಿಗೆಲ್ಲ ಕೆಸರಾಯಿತು.

ಅಕ್ಟೋಬರ್ 14

ಗದ್ದೆಗೆ ಹೋಗಲಿಲ್ಲ.

ಅಕ್ಟೋಬರ್ 16

ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಏನೂ ಆಗುವುದಿಲ್ಲ. ಮೇನಲ್ಲಿ ಪ್ರಬಂಧ, ಜೂನ್‌ನಲ್ಲಿ ಪದವಿ. ಅವಘಡದ ವರದಿಯಲ್ಲಿ ಗಿಡ್ಡಯ್ಯನವರ ಹೆಸರೂ ಬೇಕಿಲ್ಲ, "ಸಿಂಪಡಿಸುವವನು" ಎಂದರೆ ಸಾಕು. ಕಳೆ ಕಿತ್ತದ್ದು ಹೆಂಗಸರು ಎಂದು ಬರೆದರೆ ಗೈಡ್ ಕೇಳುವ ಮೊದಲ ಪ್ರಶ್ನೆ, ಆಗ ನೀನೆಲ್ಲಿದ್ದೆ?

ಅಕ್ಟೋಬರ್ 19

ಪತ್ರ ಬರೆದೆ. ಹರಿದೆ. ಇನ್ನೊಂದು ಬರೆದೆ, ಅದನ್ನೂ ಹರಿದೆ.

ಸಕಲೇಶಪುರದ ಬಸ್ಸಿನಲ್ಲಿ ಗಿಡ್ಡಯ್ಯನವರನ್ನು ಕಂಡೆ. ಈಗ ಸೌದೆ ಲಾರಿಗೆ ಲೋಡು ಮಾಡಲು ಹೋಗುತ್ತಿದ್ದಾರಂತೆ. ಕಂಡಕ್ಟರ್ ಹೇಳಿದ. ಪಂಪು ಹೊರುವುದಕ್ಕೂ ಮರ ಹೊರುವುದಕ್ಕೂ ಬಹಳ ವ್ಯತ್ಯಾಸ, ಅದೂ ಐವತ್ತರ ಮೇಲಿನವರಿಗೆ. ಅವರು ನನ್ನ ಕಡೆ ನೋಡಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತು ಇಡೀ ದಾರಿ ಅವರ ಬೆನ್ನು ನೋಡಿದೆ.

ಅಕ್ಟೋಬರ್ 30, ಆಲೂರು

ದೀಪಾವಳಿ. ಅಪ್ಪ ಅಂಗಡಿ ಪೂಜೆ ಮುಗಿಸಿ ಬಂದವರು, "ಮೇನಲ್ಲಿ ಮುಗಿಯುತ್ತಲ್ಲಮ್ಮ?" ಎಂದರು. "ಇಲ್ಲ," ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ ನನಗೇ ಆಶ್ಚರ್ಯ. ಯಾಕೆ ಎಂದರು. ಹೇಳಿದೆ, ಮೊದಲಿಂದ ಕೊನೆಯವರೆಗೆ, ಮಳೆಯ ಲೆಕ್ಕವನ್ನೂ ಸೇರಿಸಿ.

ಅಪ್ಪ, "ನನ್ನ ಅಂಗಡೀಲಿ ಯಾರಾದರೂ ಹೀಗೆ ಮಾಡಿದ್ದರೆ ಅವತ್ತೇ ಕಳಿಸ್ತಿದ್ದೆ," ಎಂದರು.

ನವೆಂಬರ್ 4, ವಿಶ್ವವಿದ್ಯಾಲಯ

ಗೈಡ್‌ ಕೋಣೆಯಲ್ಲಿ ನಿಂತುಕೊಂಡೇ ಎಲ್ಲ ಹೇಳಿದೆ. ಕೂರು ಎನ್ನಲಿಲ್ಲ ಅವರು. ಕ್ಷೇತ್ರ ಪುಸ್ತಕ ತೆರೆದು ಆಗಸ್ಟ್ ಪುಟಕ್ಕೆ ಬಂದರು.

"ಇಪ್ಪತ್ತೆರಡನೇ ತಾರೀಕು ನಲವತ್ತೊಂದು ಮಿಲಿಮೀಟರ್. ಈ ಮಳೆ ಎಲ್ಲಿಂದ ಬಂತು?"

"ನಾನೇ ಬರೆದೆ ಸರ್."

ಹದಿಮೂರು ಸಾಲಿಗೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಒಂದೊಂದಕ್ಕೂ ಬೇರೆ ಬೇರೆ ಗೆರೆ, ಸಾವಕಾಶವಾಗಿ. ಕಿರುಚಾಡಿದ್ದರೆ ಎಷ್ಟೋ ವಾಸಿಯಾಗಿತ್ತು.

ಪ್ರಯೋಗ ರದ್ದು. ಮುಂದಿನ ಜುಲೈಗೆ ಮತ್ತೆ ಹನ್ನೆರಡು ತಾಕು, ವಿದ್ಯಾರ್ಥಿವೇತನವಿಲ್ಲದೆ. ಹೊರಡುವಾಗ ಕರೆದು ಕೇಳಿದರು, ಆ ಮೂರು ತಾಕಿನ ಮಾದರಿ ಕೊಯ್ದಿದ್ದೀಯಾ ಎಂದು. ಕಳೆಯ ಕಂತೆ ಸಿಕ್ಕಿದ ಮೇಲೆ ಅದನ್ನೂ ಕೊಯ್ದಿದ್ದೇನೆ ಎಂದೆ. "ಪರೀಕ್ಷೆ ಮಾಡು. ಪ್ರಬಂಧಕ್ಕಲ್ಲ. ಮೂವತ್ತು ದಿನ ಕಳೆ ತಿಂದದ್ದನ್ನು ಕೆಸರಿಗೆ ತುಳಿದರೆ ಪೈರಿಗೆ ವಾಪಸ್ ಎಷ್ಟು ಸಿಗುತ್ತೆ ಅಂತ ನನಗೂ ನೋಡಬೇಕು," ಎಂದರು. ಮುಂದಿನ ವರ್ಷ ಅದನ್ನು ಐದನೇ ಬಗೆಯಾಗಿ ಸೇರಿಸಬಹುದೇ ಎಂದು ಕೇಳಿದೆ. ಆಗ ಮೊದಲ ಬಾರಿ ನನ್ನ ಮುಖ ನೋಡಿದರು.

ನವೆಂಬರ್ 6, ಹೊಂಗಡಹಳ್ಳ

ಗೈಡ್ ಸಹಿ ಹಾಕಿದ ಪತ್ರ ತೆಗೆದುಕೊಂಡು ಗಿಡ್ಡಯ್ಯನವರ ಮನೆಗೆ ಹೋದೆ. ಸಿಂಪಡಣೆಯಲ್ಲಿ ಯಾವ ತಪ್ಪೂ ಆಗಿಲ್ಲ ಎಂದು ಅದರಲ್ಲಿದೆ. ಹುಲಿಯಮ್ಮ ನನ್ನನ್ನು ಕಂಡು ಒಳಗೆ ಹೋದವರು ಹೊರಗೆ ಬರಲಿಲ್ಲ. ಇಂಗ್ಲಿಷ್ ಪತ್ರವನ್ನು ಓದಿ ಕನ್ನಡದಲ್ಲಿ ಹೇಳಿದೆ. ತಪ್ಪಾಯ್ತು ಎಂದೆ.

"ನಿಮಗೆ ಗೊತ್ತಿತ್ತಲ್ಲ, ಅವತ್ತೇ ಯಾಕೆ ಹೇಳಲಿಲ್ಲ?"

"ಹೆಂಗಸ್ರ ಹೆಸ್ರು ಹೇಳಿ ನಾನು ಬಚಾವಾಗ್ಬೇಕಿತ್ತಾ ಅಮ್ಮೋರೆ? ನಾನು ಹೊಡ್ದಿಲ್ಲ ಅಂದೆ. ಅಷ್ಟು ಸಾಕಾಗಿತ್ತು. ನೀವು ನಂಬ್ಲಿಲ್ಲ."

ಪತ್ರವನ್ನು ಎರಡು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. ನನಗೇ ವಾಪಸ್ ಕೊಟ್ಟರು.

"ಅವತ್ತು ಬೈದಿದ್ದು ಬಾಯಲ್ಲಿ. ಹದ್ನೈದು ಜನ್ರ ಮುಂದೆ. ಅವ್ರಲ್ಲಿ ಇಂಗ್ಲೀಷ್ ಕಾಗ್ದ ಓದಾಕೆ ಎಷ್ಟು ಜನಕ್ಕೆ ಬರ್ತದೆ? ಇದ್ನ ನಾನು ಕೊರಳಿಗೆ ಕಟ್ಕಂಡು ತಿರುಗ್ಲಾ?"

ಎದ್ದು ಸೌದೆ ಲಾರಿಗೆ ಹೊತ್ತಾಯಿತೆಂದು ಹೋದರು. ಪತ್ರ ತಂದರೆ ಮುಗಿಯಿತು ಎಂದುಕೊಂಡಿದ್ದೆ. ಖುಷಿಯಿಂದಲೇ ಬಂದಿದ್ದೆ, ಅದು ಇನ್ನೂ ನಾಚಿಕೆಗೇಡು.

ನವೆಂಬರ್ 8

ಬೆಳಿಗ್ಗೆ ಮಾದೇವಮ್ಮನವರಿಗೆ ಹೇಳಿದೆ, ಟೀ ಅಂಗಡಿಯಲ್ಲಿ ಎಲ್ಲರ ಮುಂದೆ ನಿಜ ಹೇಳಲು ಹೋಗುತ್ತಿದ್ದೇನೆ ಎಂದು. "ನಾನೂ ಬತ್ತೀನಿ. ಕಿತ್ತೋಳು ನಾನಲ್ವಾ?" ಎಂದು ಸೆರಗು ಸುತ್ತಿಕೊಂಡು ಹೊರಟರು. ಬೇಡ ಅವ್ವ, ಇದು ನನ್ನದು ಎಂದೆ. ಕೇಳಲಿಲ್ಲ, ಹಿಂದೆಯೇ ಬಂದರು.

ಒಂಬತ್ತರ ಬಸ್ಸಿಗೆ ಟೀ ಅಂಗಡಿ ತುಂಬುತ್ತದೆ. ವೀರಯ್ಯನವರು ಪೇಪರ್ ಓದುತ್ತಿದ್ದರು. ಗಿಡ್ಡಯ್ಯನವರು ಲಾರಿಗೆ ಕಾಯುತ್ತಾ ಆಚೆ ಕಲ್ಲಿನ ಮೇಲೆ ಕೂತಿದ್ದರು. ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಇನ್ನೂರು ಜನರ ಮುಂದೆ ಮಾತಾಡಿದ್ದೇನೆ, ಇಷ್ಟು ಹೆದರಿರಲಿಲ್ಲ.

"ಎಲ್ಲರೂ ಒಂದು ನಿಮಿಷ ಕೇಳಿ," ಎಂದೆ. ದನಿ ಸಣ್ಣದಾಯಿತು, ಯಾರೂ ಕೇಳಲಿಲ್ಲ. ಇನ್ನೊಂದು ಸಲ ಕೂಗಿದೆ. "ಆಗಸ್ಟ್ ಕೊನೆಯಲ್ಲಿ ಇಲ್ಲೇ ನಿಂತು ಗಿಡ್ಡಯ್ಯನವರಿಗೆ ಬೈದಿದ್ದೆ. ಅವರು ಹೊಡೆದದ್ದರಲ್ಲಿ ಒಂದು ಹನಿ ತಪ್ಪಿರಲಿಲ್ಲ. ನಾನು ಹದಿಮೂರು ದಿನ ಊರಲ್ಲಿರಲಿಲ್ಲ. ಇಲ್ಲದೆಯೇ ಇದ್ದೆ ಅಂತ ಬರೆದುಕೊಂಡಿದ್ದೆ. ನನ್ನ ಪ್ರಯೋಗ ಹಾಳಾಗಿದ್ದು ನನ್ನಿಂದ. ಅವರಿಂದಲ್ಲ, ಬೇರೆ ಯಾರಿಂದಲೂ ಅಲ್ಲ."

ವೀರಯ್ಯನವರು ಪೇಪರ್ ಮಡಚಿದರು, ಒಂದು ಸಲ ಕೆಮ್ಮಿದರು. "ಗಿಡ್ಡಯ್ಯ, ಸೋಮ್ವಾರ ತೋಟಕ್ಕೆ ಬಂದ್ಬುಡು ಮಾರಾಯ," ಎಂದರು. ಗಿಡ್ಡಯ್ಯನವರು ಆ ಕಡೆ ತಿರುಗಿ "ಹ್ಞೂಂ" ಎಂದಷ್ಟೇ ಹೇಳಿ ನನ್ನ ಹತ್ತಿರ ಎದ್ದು ಬಂದರು. ಮುಖದಲ್ಲಿ ನಗುವೇನೂ ಇರಲಿಲ್ಲ.

ಮುಂದಿನ ಜುಲೈಗೆ ಮತ್ತೆ ತಾಕು ಹಾಕುತ್ತೇನೆ, ಔಷಧಿ ನೀವೇ ಹೊಡೆಯಬೇಕು ಎಂದು ಕೇಳಿಕೊಂಡೆ.

"ಬತ್ತೀನಿ," ಎಂದರು. "ಆದ್ರೆ ಒಂದು ಮಾತು. ನಾನು ಹೊಡೆಯೋ ಹೊತ್ಗೆ ನೀವು ಬದುವಿನ ಮ್ಯಾಲೆ ನಿಂತಿರ್ಬೇಕು. ಮೊದ್ಲನೇ ಪಂಪಿಂದ ಹಿಡ್ದು ಕೊನೇ ಪಂಪು ಖಾಲಿ ಆಗಾಗಂಟ. ಜ್ವರ ಬಂದಿದ್ರೂ ಸೈ."

"ನಿಂತಿರ್ತೀನಿ."

"ನನಗಲ್ಲ. ಇವ್ರಿಗೆ ಕೇಳಂಗೆ ಹೇಳಿ."

ಅಂಗಡಿಯ ಕಡೆ ತಿರುಗಿ, ಜೋರಾಗಿ ಇನ್ನೊಂದು ಸಲ ಹೇಳಿದೆ.